ಕುಡಿತಕ್ಕೂ ಪೋಸ್ಟ್‌ಕೋಡ್ ಕೇಳುತ್ತಾರೆ

ಕುಡುಕ ಎನ್ನುವ ಪದ ಎಲ್ಲರಿಗೂ ಗೊತ್ತು. ಅದರ ಸ್ತ್ರೀಲಿಂಗವನ್ನು ಯಾರ ಬಾಯಲ್ಲಾದರೂ ಕೇಳಿದ್ದೀರಾ? ಧಾರವಾಡದಲ್ಲಿ ಬೆಳೆದ ಇಪ್ಪತ್ತನಾಲ್ಕು ವರ್ಷಗಳಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ. ವ್ಯಾಕರಣದ ಪ್ರಕಾರ ಅದು 'ಕುಡುಕಿ' ಆಗಬೇಕು. ನಲವತ್ತೊಂಬತ್ತನೆಯ ವಯಸ್ಸಿನಲ್ಲಿ, ಹ್ಯಾರೋದ ಒಂದು ಕಾಯುವ ಕೋಣೆಯಲ್ಲಿ ಕೂತು, ಆ ಪದವನ್ನು ಮನಸ್ಸಿನಲ್ಲೇ ಎರಡು ಸಲ ಹೇಳಿ ನೋಡಿದೆ. ಯಾರದೋ ಅಡ್ಡಹೆಸರಿನಂತೆ ಕೇಳಿಸಿತು. ಆದರೆ ನಾನು ಅಲ್ಲಿ ಕೂತಿದ್ದದ್ದು ಆ ಪದಕ್ಕಾಗಿಯೇ.

ನನ್ನ ಹೆಸರು ಸುಮಂಗಲಾ. ಮದುವೆಯಾಗಿ ಲಂಡನ್ನಿಗೆ ಬಂದು ಇಪ್ಪತ್ತೈದು ವರ್ಷ. ಮನೆ ಊರಂಚಿನ ಹ್ಯಾರೋದಲ್ಲಿ. ನಮ್ಮ ಮನೆಯವರು, ಮಹಾಂತೇಶ, ದಿನಾ ಮೆಟ್ರೋಪಾಲಿಟನ್ ಲೈನಿನ ಟ್ರೇನು ಹಿಡಿದು ಸಿಟಿಯ ಆಫೀಸಿಗೆ ಹೋಗುತ್ತಾರೆ. ಮಗಳು ಶ್ರೇಯಾಳಿಗೆ ಆಗ ಹದಿನೇಳು. ನಾನು ಪಾರ್ಕ್ ರಾಯಲ್‌ನಲ್ಲಿ ಸೂಪು, ಸಾಸು ತಯಾರಿಸುವ ಕಾರ್ಖಾನೆಯೊಂದರ ಲ್ಯಾಬಿನಲ್ಲಿದ್ದೇನೆ. ಪ್ರತಿ ಬ್ಯಾಚಿನಿಂದ ಒಂದು ಚಮಚ ತೆಗೆದು ಉಪ್ಪು, ಹುಳಿ, ಖಾರ ಎಲ್ಲವನ್ನೂ ಮೊದಲು ನಾಲಿಗೆಯಿಂದ, ಆಮೇಲೆ ಯಂತ್ರದಿಂದ ನೋಡಿ ಬರೆಯುವುದು ನನ್ನ ಕೆಲಸ. ಅಳೆಯದೆ ಯಾವುದನ್ನೂ ನಂಬುವವಳಲ್ಲ. ನನ್ನ ಕುಡಿತ ಒಂದನ್ನು ಬಿಟ್ಟು.

ಹೇಗೆ ಶುರುವಾಯಿತು ಎಂದು ಆಮೇಲೆ ಎಲ್ಲರೂ ಕೇಳಿದರು. ಅಡುಗೆ ಮಾಡುತ್ತ ಒಂದು ಗ್ಲಾಸ್ ವೈನ್, ಅಷ್ಟೇ. ಕೆಲಸದಿಂದ ಬಂದು ಒಗ್ಗರಣೆ ಹಾಕುವ ಹೊತ್ತಿಗೆ ಹೆಗಲು ಸಡಿಲವಾಗುವುದು ಹಿತವಾಗಿತ್ತು. ಒಂದು ಎರಡಾಯಿತು. ಗಾಜಿನ ಗ್ಲಾಸು ಕಣ್ಣಿಗೆ ಬೀಳುತ್ತದೆಂದು ಸ್ಟೀಲ್ ಲೋಟಕ್ಕೆ ಬಂದೆ. ನಮ್ಮ ಮನೆಗಳಲ್ಲಿ ಸ್ಟೀಲ್ ಲೋಟದೊಳಗೆ ಯಾರೂ ಇಣುಕುವುದಿಲ್ಲ. ನೀರಿರಬಹುದು, ಮಜ್ಜಿಗೆ ಇರಬಹುದು. ಕಡೆಗೆ ವಾಸನೆ ಕಡಿಮೆಯೆಂದು ವೋಡ್ಕಾ. ಇಷ್ಟು ದೂರ ಬರಲು ಐದು ವರ್ಷ ಹಿಡಿಯಿತು. ಹೇಳಿಕೊಳ್ಳುವಂಥ ದೊಡ್ಡ ದುಃಖ ಯಾವುದೂ ಇರಲಿಲ್ಲ. ಅದೇ ನನಗೆ ಎಲ್ಲಕ್ಕಿಂತ ನಾಚಿಕೆಯ ವಿಷಯವಾಗಿತ್ತು.

ಒಂದು ಮಂಗಳವಾರ ಟೊಮೆಟೊ ಸೂಪಿನ ಬ್ಯಾಚಿಗೆ ತಪ್ಪಿ ಎರಡು ಸಲ ಉಪ್ಪು ಬಿದ್ದಿತ್ತು. ನಾನು ರುಚಿ ನೋಡಿ 'ಸರಿ ಇದೆ' ಎಂದು ಬರೆದೆ. ಪಕ್ಕದಲ್ಲಿದ್ದ ಸಹೋದ್ಯೋಗಿ ಅಗಾತಾ ಇನ್ನೊಂದು ಚಮಚ ಬಾಯಿಗಿಟ್ಟವಳೇ ಸಿಂಕಿಗೆ ಓಡಿ ಉಗುಳಿದಳು. ಯಂತ್ರವೂ ಅವಳ ಮಾತನ್ನೇ ಹೇಳಿತು. ಬ್ಯಾಚನ್ನು ತಡೆದರು. ನನಗೆ ಶೀತವಾಗಿದೆ ಎಂದು ಹೇಳಿ ತಪ್ಪಿಸಿಕೊಂಡೆ. ಆದರೆ ಊಟದ ವಿರಾಮದಲ್ಲಿ ಒಬ್ಬಳೇ ಲ್ಯಾಬಿಗೆ ಬಂದು ಒಂದು ಹರಳು ಉಪ್ಪನ್ನು ನಾಲಿಗೆಯ ಮೇಲೆ ಇಟ್ಟುಕೊಂಡೆ. ಏನೂ ಗೊತ್ತಾಗಲಿಲ್ಲ. ಇನ್ನೊಂದು ಹರಳು. ಆಮೇಲೆ ಒಂದು ಚಿಟಿಕೆ. ಬಹಳ ಹೊತ್ತಿನ ಮೇಲೆ, ಗೋಡೆಯಾಚೆ ಯಾರೋ ಮಾತಾಡಿದಂತೆ, ಉಪ್ಪು ಮಸುಕಾಗಿ ತಿಳಿಯಿತು. ಹೆದರಿಕೆ ಆಮೇಲೆ ಬಂತು. ಮೊದಲು ಬಂದದ್ದು ಕುತೂಹಲ. ನನ್ನ ನಾಲಿಗೆಗೆ ಏನಾಯಿತು? ಕುಡಿಯುವುದನ್ನು ನಿಲ್ಲಿಸಿದರೆ ಎಷ್ಟು ದಿನಕ್ಕೆ ವಾಪಸ್ಸು ಬರುತ್ತದೆ?

ಅದನ್ನು ಪರೀಕ್ಷಿಸೋಣವೆಂದು ಆ ಶುಕ್ರವಾರದಿಂದ ಯಾರಿಗೂ ಹೇಳದೆ ಬಿಟ್ಟುಬಿಟ್ಟೆ. ಶನಿವಾರ ಮಧ್ಯಾಹ್ನದ ಹೊತ್ತಿಗೆ ಕೈ ನಡುಗಲು ಶುರುವಾಯಿತು. ಹಿಟ್ಟು ನಾದುತ್ತಿದ್ದವಳು ಪರಾತವನ್ನೇ ನೆಲಕ್ಕೆ ಕೆಡವಿದೆ. ಮೈಯೆಲ್ಲ ಬೆವರು, ಎದೆ ಡವಡವ, ವಾಂತಿ. ಹೃದಯಾಘಾತವೇ ಇರಬೇಕೆಂದು ಇವರು ಆಸ್ಪತ್ರೆಗೆ ಕರೆದುಕೊಂಡು ಹೋದರು.

ತುರ್ತು ವಿಭಾಗದ ಯುವ ವೈದ್ಯೆ ನನ್ನ ಕೈಗಳನ್ನು ಮುಂದೆ ಚಾಚಿಸಿ ನೋಡಿದಳು. ದಿನಕ್ಕೆ ಎಷ್ಟು ಕುಡಿಯುತ್ತೀರಿ ಎಂದು ಸಹಜವಾಗಿ, ಚಹಾಕ್ಕೆ ಸಕ್ಕರೆ ಎಷ್ಟು ಎಂದು ಕೇಳಿದಷ್ಟೇ ಸಹಜವಾಗಿ, ಕೇಳಿದಳು. "ಸಂಜೆ ಒಂದೆರಡು ಗ್ಲಾಸ್ ವೈನ್" ಎಂದೆ. ಇವರು ನೆಲ ನೋಡುತ್ತ ಕೂತಿದ್ದರು. ತಲೆ ಎತ್ತದೆ, ಇಂಗ್ಲಿಷಿನಲ್ಲಿ, "ದೊಡ್ಡ ವೋಡ್ಕಾ ಬಾಟಲಿ ಮೂರು ದಿನಕ್ಕೆ ಮುಗಿಯುತ್ತದೆ. ವೈನ್ ಬೇರೆ" ಎಂದರು.

ವೈದ್ಯೆ ಪರದೆ ಸರಿಸಿ ಹೊರಗೆ ಹೋದ ಮೇಲೆ ಕೇಳಿದೆ. "ನಿಮಗ ಹ್ಯಾಂಗ ಗೊತ್ತರೀ?"

"ಖಾಲಿ ಬಾಟ್ಲಿ ಯಾರ್ ಒಯ್ದು ಒಗೀತಿದ್ರು ಅಂತ ತಿಳದಿದ್ದಿ?"

ಹಿತ್ತಲಿನ ಶೆಡ್ಡಿನಲ್ಲಿ, ಹಳೆಯ ಪೇಂಟ್ ಡಬ್ಬಿಗಳ ಹಿಂದೆ ನಾನು ಖಾಲಿ ಬಾಟಲಿಗಳನ್ನು ಬಚ್ಚಿಡುತ್ತಿದ್ದೆ. ಆಗಾಗ ನೋಡಿದಾಗ ನೆನಪಿಗಿಂತ ಕಡಿಮೆ ಇರುತ್ತಿದ್ದವು. ಪರವಾಗಿಲ್ಲ, ಅಂದುಕೊಂಡಷ್ಟು ಕುಡಿಯುತ್ತಿಲ್ಲ ಎಂದು ಸಮಾಧಾನಪಟ್ಟುಕೊಳ್ಳುತ್ತಿದ್ದೆ. ಇವರು ಎರಡು ವರ್ಷದಿಂದ, ಬೆಳಿಗ್ಗೆ ಆಫೀಸಿಗೆ ಹೋಗುವಾಗ, ಎರಡೆರಡೇ ಬಾಟಲಿಗಳನ್ನು ಬ್ಯಾಗಿನಲ್ಲಿಟ್ಟುಕೊಂಡು ಸ್ಟೇಷನ್ನಿನ ಹತ್ತಿರದ ಕಸದ ಡಬ್ಬಿಗೆ ಹಾಕಿ ಟ್ರೇನು ಹತ್ತುತ್ತಿದ್ದರಂತೆ.

"ಒಂದ ಮಾತ ಕೇಳಬೇಕಿತ್ತಲ್ಲ ನೀವು."

ಅವರು ಹೇಳಿದರು. "ಕೇಳಿದ್ರ ನೀ ಹೌದು ಅಂದಬಿಟ್ಟಿದ್ರ, ಸುಮಾ?"

ಅಷ್ಟರಲ್ಲಿ ವೈದ್ಯೆ ಮಾತ್ರೆಯೊಂದಿಗೆ ಮರಳಿ ಬಂದಳು. ಅವಳು ಹೇಳಿದ ಮಾತು ನಮ್ಮಿಬ್ಬರನ್ನೂ ಬೆರಗುಗೊಳಿಸಿತು. ಇಷ್ಟು ವರ್ಷ ಕುಡಿದ ಮೈ ಒಮ್ಮೆಲೇ ನಿಲ್ಲಿಸಿದರೆ ತಡೆಯುವುದಿಲ್ಲ, ಫಿಟ್ಸ್ ಬರಬಹುದು, ಪ್ರಾಣಕ್ಕೂ ಅಪಾಯ. ನೀವಾಗಿಯೇ ನಿಲ್ಲಿಸಬೇಡಿ. ಸೋಮವಾರ ನಿಮ್ಮ ಪ್ರದೇಶದ ಮದ್ಯ ಮತ್ತು ಮಾದಕ ವಸ್ತು ಚಿಕಿತ್ಸಾ ಕೇಂದ್ರಕ್ಕೆ ನೀವೇ ಫೋನ್ ಮಾಡಿ, ಜಿಪಿಯ, ಅಂದರೆ ನಿಮ್ಮ ಮಾಮೂಲಿ ಡಾಕ್ಟರರ, ಪತ್ರ ಬೇಕಿಲ್ಲ. ಅವರು ದಾರಿ ಹೇಳುವವರೆಗೆ ಅಳತೆಯಲ್ಲಿ, ನಿಧಾನವಾಗಿ ಕಡಿಮೆ ಮಾಡುತ್ತ ಹೋಗಿ.

ಲಿಫ್ಟಿನಲ್ಲಿ ಇಳಿಯುವಾಗ ಇವರು ಮತ್ತೆ ಕೇಳಿದರು. "ಡಾಕ್ಟ್ರ ಬಿಡಬ್ಯಾಡ ಅಂದ್ರಲ್ಲ, ನಾ ಸರಿ ಕೇಳಿಸ್ಕೊಂಡ್ನೇನು?"

ಸರಿಯಾಗಿಯೇ ಕೇಳಿಸಿಕೊಂಡಿದ್ದರು. ಮುಂದಿನ ಕೆಲವು ವಾರ ನಮ್ಮ ಮನೆಯಲ್ಲಿ ನಡೆದದ್ದನ್ನು ಧಾರವಾಡದಲ್ಲಿ ಯಾರಿಗೆ ಹೇಳಿದರೂ ನಂಬಲಿಕ್ಕಿಲ್ಲ. ಜೀವನದಲ್ಲಿ ಒಂದು ಹನಿ ಮುಟ್ಟದ ನನ್ನ ಗಂಡ ದಿನಾ ಸಂಜೆ ಆರು ಗಂಟೆಗೆ, ಕೇಕಿಗೆ ಹಾಲು ಅಳೆಯುವ ಪ್ಲಾಸ್ಟಿಕ್ ಜಗ್ಗನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ವೋಡ್ಕಾ ಅಳೆದು ನನ್ನ ಮುಂದೆ ಇಡುತ್ತಿದ್ದರು. ಈಗ ಗಾಜಿನ ಗ್ಲಾಸಿನಲ್ಲಿ. ಎರಡನೆಯ ಪಾಲು ಎಂಟೂವರೆಗೆ. ನಾನು ನೋಟುಬುಕ್ಕಿನಲ್ಲಿ ಹೊತ್ತು, ಅಳತೆ, ಕೈ ನಡುಕ ಎಷ್ಟು, ಬೆವರು ಎಷ್ಟು ಎಂದು ಬರೆಯುತ್ತಿದ್ದೆ. ಮೊದಲ ಸಂಜೆ ಗ್ಲಾಸು ಕೊಡುವ ಮುಂಚೆ ಅವರು ಅಳತೆಯನ್ನು ಮೂರು ಸಲ ನೋಡಿದರು.

ಇನ್ನು ಚಿಕಿತ್ಸಾ ಕೇಂದ್ರ ಹುಡುಕಿದ ಕಥೆ.

ನನಗೆ ಬೇಕಾಗಿದ್ದದ್ದು ಹ್ಯಾರೋದಿಂದ ಆದಷ್ಟು ದೂರದ್ದು. ಹ್ಯಾರೋದಲ್ಲಿ ಕರಿಬೇವು ತರಲು ಹೋದರೆ ಮೂವರು ಗುರುತಿನವರು ಸಿಗುತ್ತಾರೆ, ದೇವಸ್ಥಾನಕ್ಕೆ ಹೋದರೆ ಮೂವತ್ತು. ಸೋಮವಾರ ಪಾರ್ಕ್ ರಾಯಲ್‌ನಲ್ಲಿ ಕಾರಿನೊಳಗೆ ಕೂತು ಫೋನಿನಲ್ಲಿ ಹುಡುಕಿದೆ. ಪೋಸ್ಟ್‌ಕೋಡ್, ಅಂದರೆ ಇಲ್ಲಿನ ಪಿನ್‌ಕೋಡ್, ಹಾಕಿ ಎಂದಿತು. ಕಾರ್ಖಾನೆಯದ್ದು ಹಾಕಿದೆ. ಪಕ್ಕದ ಕೌನ್ಸಿಲ್‌ನ, ಅಂದರೆ ಪಕ್ಕದ ಸ್ಥಳೀಯ ಆಡಳಿತದ, ಒಂದು ಕೇಂದ್ರದ ನಂಬರು ಬಂತು. ಫೋನ್ ಎತ್ತಿದವನು ಬಹಳ ಮೃದುವಾಗಿ ಮಾತಾಡಿದ. ಕಡೆಗೆ ಕೇಳಿದ. "ನೀವು ವಾಸ ಇರೋ ಪೋಸ್ಟ್‌ಕೋಡ್?"

ಹೇಳಿದೆ.

"ಹಾಗಾದರೆ ನಿಮ್ಮನ್ನು ಹ್ಯಾರೋದವರೇ ನೋಡಿಕೊಳ್ಳಬೇಕು."

"ಬೇರೆ ಕಡೆ ಆಗುವುದೇ ಇಲ್ಲವೆ?"

"ನೀವು ಎಲ್ಲಿ ಮಲಗಿ ಏಳುತ್ತೀರೋ ಅಲ್ಲಿ."

ಇನ್ನೂ ಒಂದು ಕಡೆ ಪ್ರಯತ್ನಿಸಿದೆ, ಅದೇ ಉತ್ತರ. ಕಸ ಒಯ್ಯುವುದಕ್ಕೆ, ಗ್ರಂಥಾಲಯಕ್ಕೆ, ಶಾಲೆಗೆ ಪೋಸ್ಟ್‌ಕೋಡ್ ಕೇಳುವುದು ಗೊತ್ತಿತ್ತು. ಕುಡಿತಕ್ಕೂ ಕೇಳುತ್ತಾರೆಂದು ಅವತ್ತು ತಿಳಿಯಿತು. ಮೂರನೆಯ ಸಲ ಹ್ಯಾರೋದ ನಂಬರಿಗೇ ಮಾಡಿದೆ. ವಿಳಾಸ ಬರೆದುಕೊಂಡು ನಕ್ಷೆ ನೋಡಿದರೆ ನಾವು ದೋಸೆ ಅಕ್ಕಿ ತರುವ ಅಂಗಡಿಯ ಹಿಂದಿನ ಬೀದಿ. ಹದಿನೈದು ವರ್ಷದಿಂದ ವಾರಕ್ಕೊಮ್ಮೆ ಅದರ ಮುಂದೆಯೇ ಕಾರು ನಿಲ್ಲಿಸಿದ್ದೇನೆ. ದಂತವೈದ್ಯರ ಕ್ಲಿನಿಕ್ ಇರಬೇಕು ಎಂದುಕೊಂಡಿದ್ದೆ.

ಒಂಬತ್ತು ದಿನದ ಮೇಲೆ ಭೇಟಿ ಕೊಟ್ಟರು. ತಲೆಗೆ ಸ್ಕಾರ್ಫ್ ಸುತ್ತಿಕೊಂಡು ಹೋದೆ. ಕಾಯುವ ಕೋಣೆಯಲ್ಲಿ ಗೋಡೆಯುದ್ದಕ್ಕೂ ನೀಲಿ ಕುರ್ಚಿಗಳು, ಒಂದು ಮೀನಿನ ತೊಟ್ಟಿ, ನಾನಾ ಭಾಷೆಗಳ ಕರಪತ್ರಗಳು. ಗುಜರಾತಿ ಇತ್ತು, ತಮಿಳು ಇತ್ತು, ರೊಮೇನಿಯನ್ ಇತ್ತು. ಕನ್ನಡ ಇರಲಿಲ್ಲ. ಟೈ ಕಟ್ಟಿದ ಒಬ್ಬ, ತಳ್ಳುಗಾಡಿಯಲ್ಲಿ ಮಗು ಮಲಗಿಸಿಕೊಂಡ ಒಬ್ಬಳು, ತರಕಾರಿ ಟ್ರಾಲಿ ಹಿಡಿದ ಒಬ್ಬ ಮುದುಕ. ನಾನು ಊಹಿಸಿಕೊಂಡು ಬಂದಿದ್ದ ಕುಡುಕರು ಎಲ್ಲಿದ್ದಾರೆಂದು ಸುತ್ತ ನೋಡಿದೆ. ಆಮೇಲೆ ಹೊಳೆಯಿತು, ಅವರೂ ನನ್ನನ್ನು ನೋಡಿ ಅದನ್ನೇ ಯೋಚಿಸುತ್ತಿರಬಹುದು.

ಮೂಲೆಯ ಕುರ್ಚಿಯಲ್ಲಿದ್ದವರು ಪತ್ರಿಕೆ ಕೆಳಗಿಳಿಸಿದರು. ವಲೇರಿಯನ್. ಉಡುಪಿ ಕಡೆಯ ಕ್ಯಾಥೊಲಿಕರು, ಗ್ರೀನ್‌ಫರ್ಡ್‌ನ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಾರೆ. ನಮ್ಮ ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ಪ್ರತಿ ವರ್ಷ ಹಾಡುವವರು. ಅವರ ಹೆಸರನ್ನು ಇಲ್ಲಿ ಬದಲಿಸಿದ್ದೇನೆ, ಅವರ ಕಥೆಯನ್ನು ಅವರನ್ನು ಕೇಳಿಯೇ ಬರೆದಿದ್ದೇನೆ. ಅವತ್ತು ಮಾತ್ರ ಅವರನ್ನು ಕಂಡದ್ದೇ ತಡ, ಬಾಗಿಲ ಕಡೆ ತಿರುಗಿದೆ.

"ಹೆದರ್ಬೇಡಿ ಮಾರಾಯ್ರೆ" ಎಂದರು ಮೆಲ್ಲಗೆ. "ನೀವು ನನ್ನನ್ನು ನೋಡ್ಲಿಲ್ಲ, ನಾನು ನಿಮ್ಮನ್ನು ನೋಡ್ಲಿಲ್ಲ. ಆದ್ರೆ ಕುರ್ಚಿ ಖಾಲಿ ಉಂಟು, ಕೂತ್ಕೊಳ್ಳಿ."

ಕೂತೆ. "ನೀವು ಎಷ್ಟು ದಿನದಿಂದ ಇಲ್ಲಿಗೆ ಬರ್ತೀರಿ?" ಎಂದು ಕೇಳಿದೆ.

"ಮೂರನೇ ಸಲ. ಮೂರು ಸಲ ಬಂದದ್ದಲ್ಲ, ಮೂರನೇ ಸಲ ಶುರು ಮಾಡಿದ್ದು." ಹಾಗೆಂದು ಮತ್ತೆ ಪತ್ರಿಕೆ ಎತ್ತಿಕೊಂಡರು.

ನನಗೆ ಸಿಕ್ಕ ಕೀ ವರ್ಕರ್, ಅಂದರೆ ನನ್ನ ಚಿಕಿತ್ಸೆಯನ್ನು ಮೊದಲಿನಿಂದ ಕೊನೆಯವರೆಗೆ ನೋಡಿಕೊಳ್ಳುವವರು, ಡೆನೀಸ್. ಅರವತ್ತರ ಹತ್ತಿರದ ಹೆಂಗಸು. ಹುಟ್ಟಿದ್ದು ಹ್ಯಾರೋದಲ್ಲೇ, ತಂದೆತಾಯಿ ಜಮೈಕಾದಿಂದ ಬಂದವರು. ನನ್ನ ನೋಟುಬುಕ್ಕನ್ನು ಪುಟಪುಟವಾಗಿ ಓದಿ, ಇಷ್ಟು ಅಚ್ಚುಕಟ್ಟಾದ ಕುಡಿತದ ದಿನಚರಿಯನ್ನು ತಾನು ಕಂಡೇ ಇಲ್ಲ ಎಂದು ನಕ್ಕರು. ಸ್ಟೀಲ್ ಲೋಟ ಎಂದರೇನು ಎಂದು ಕೇಳಿದರು. ಕಾಗದದ ಮೇಲೆ ಚಿತ್ರ ಬರೆದು ತೋರಿಸಿದೆ. "ಜಾಣತನ" ಎಂದು ತಲೆ ಆಡಿಸಿದರು. ಕುಡಿಯುತ್ತಿದ್ದ ಅಷ್ಟೂ ವರ್ಷಗಳಲ್ಲಿ ಆ ಲೋಟದ ಬಗ್ಗೆ ಯಾರೊಂದಿಗಾದರೂ ಮಾತಾಡಿದ್ದು ಅದೇ ಮೊದಲು.

ನನಗೆ ಕಾಡುತ್ತಿದ್ದದ್ದನ್ನು ಕೇಳಿಯೇಬಿಟ್ಟೆ. "ನನಗೆ ಕಾರಣ ಸಿಗುತ್ತಿಲ್ಲ. ಯಾರೂ ನನಗೆ ಕೆಟ್ಟದ್ದು ಮಾಡಿಲ್ಲ. ಕಾರಣ ಗೊತ್ತಿಲ್ಲದೆ ಚಿಕಿತ್ಸೆ ಹೇಗೆ?"

"ಕಾಲು ಮುರಿದವರು ಹೇಗೆ ಬಿದ್ದೆ ಅಂತ ನೆನಪಾಗುವವರೆಗೆ ಪ್ಲಾಸ್ಟರ್ ಬೇಡ ಅನ್ನುತ್ತಾರಾ?" ಎಂದರು ಡೆನೀಸ್. ಆಮೇಲೆ ಉಸಿರಿನಲ್ಲಿ ಮದ್ಯ ಎಷ್ಟಿದೆಯೆಂದು ಅಳೆಯುವ ಒಂದು ಸಣ್ಣ ಯಂತ್ರ ಮುಂದಿಟ್ಟು, ಊದಿ ಎಂದರು.

ಹಿಂದಿನ ಸಂಜೆ ಎಂಟೂವರೆಯ ನಂತರ ನಾನು ಏನೂ ಕುಡಿದಿರಲಿಲ್ಲ. ಆದರೂ ಯಂತ್ರದಲ್ಲಿ ಅಂಕಿ ಬಂತು. ಅವರು ಅದನ್ನು ನನ್ನ ಕಡೆ ತಿರುಗಿಸಿ ತೋರಿಸಿದರು.

"ಇಲ್ಲಿಗೆ ಹೇಗೆ ಬಂದಿರಿ?"

"ಕಾರಿನಲ್ಲಿ."

"ಒಬ್ಬರೇ?"

ಒಬ್ಬಳೇ ಎನ್ನಲು ಬಾಯಿ ತೆರೆದಾಗ ನೆನಪಾಯಿತು. ಅರ್ಧ ಗಂಟೆಯ ಕೆಳಗೆ ಶ್ರೇಯಾಳನ್ನು ಕಾಲೇಜಿಗೆ ಇಳಿಸಿ ಬಂದಿದ್ದೆ. ಆ ದಿನ ಮಾತ್ರವಲ್ಲ. ಎಷ್ಟೋ ವರ್ಷಗಳಿಂದ, ದಿನಾ ಬೆಳಿಗ್ಗೆ. ಅಳತೆ ಶುರುವಾಗುವ ಮುಂಚಿನ ರಾತ್ರಿಗಳ ಮರುದಿನಗಳಲ್ಲಿ ಆ ಅಂಕಿ ಎಷ್ಟಿರುತ್ತಿತ್ತೋ! ಲೆಕ್ಕ ಹಾಕಲು ನನಗೆ ಬರುತ್ತದೆ. ಹಾಕಿದೆ. ಕುರ್ಚಿಯ ಕೈ ಹಿಡಿದುಕೊಂಡು ಕೂತೆ.

ಡೆನೀಸ್ ಬೈಯಲಿಲ್ಲ. ಅಂಗೈ ಮುಂದೆ ಚಾಚಿದರು. ಕಾರಿನ ಕೀ ಕೊಟ್ಟೆ. ಇವರು ಬಂದು ತೆಗೆದುಕೊಂಡು ಹೋಗುವವರೆಗೆ ಅದು ಅಲ್ಲಿನ ಡ್ರಾಯರಿನಲ್ಲಿತ್ತು. ಲೈಸೆನ್ಸ್ ಕೊಡುವ ಇಲಾಖೆಗೆ ನಾನೇ ಪತ್ರ ಬರೆದು ತಿಳಿಸಬೇಕಾಯಿತು. ಅವತ್ತಿನಿಂದ ಕೆಲಸಕ್ಕೆ ಎರಡು ಬಸ್ಸು ಬದಲಿಸಿ ಹೋಗತೊಡಗಿದೆ.

ಮನೆಯಲ್ಲಿ ಶ್ರೇಯಾಳಿಗೆ ಹೇಳಲೇಬೇಕಾಯಿತು. ಅವಳಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವತ್ತು ಅದೂ ಒಂದೇ ಪದ. "ಓಕೆ" ಎಂದು ಮೇಲೆ ಹೋದಳು. ಹತ್ತು ದಿನ ತಟ್ಟೆಯನ್ನು ಕೋಣೆಗೇ ಒಯ್ದು ಊಟ ಮಾಡಿದಳು. ಅವಳ ಹಿಂದೆ ಹೋಗಬೇಡ ಎಂದು ಇವರು ನನ್ನನ್ನು ತಡೆದರು. "ಸಿಟ್ಟ ಮಾಡ್ಕೊಳ್ಳಿ ಬಿಡು. ಆಕಿಗೆ ಸಿಟ್ಟಿನ ಹಕ್ಕರೆ ಇರಲಿ."

ರಕ್ತಪರೀಕ್ಷೆ ಆಯಿತು, ಯಕೃತ್ತು ದಣಿದಿದೆ, ಆದರೆ ಕೆಟ್ಟಿಲ್ಲ ಎಂದರು. ಇನ್ನೂ ಮೂರು ವಾರ ಕಾದ ಮೇಲೆ ಪೂರ್ತಿ ನಿಲ್ಲಿಸುವ ವಾರ ಬಂತು. ಡಿಟಾಕ್ಸ್ ಎನ್ನುತ್ತಾರೆ. ದಿನಾ ಬೆಳಿಗ್ಗೆ ಕೇಂದ್ರಕ್ಕೆ ಹೋಗಿ ಊದಬೇಕು. ಸೊನ್ನೆ ಬಂದರೆ ಮಾತ್ರ ಆ ದಿನದ ಮಾತ್ರೆಗಳು. ಜೊತೆಗೆ ವಿಟಮಿನ್ ಇಂಜೆಕ್ಷನ್, ಅದು ಹೇಳಲಾಗದ ಜಾಗಕ್ಕೆ, ಹೇಳಲಾಗದಷ್ಟು ನೋವು. ಮನೆಯಲ್ಲಿ ಯಾವಾಗಲೂ ಒಬ್ಬರು ದೊಡ್ಡವರು ಜೊತೆಗಿರಬೇಕೆಂಬ ಷರತ್ತು. ಇವರು ರಜೆ ಹಾಕಿದರು. ಮೊದಲ ಎರಡು ದಿನ ನಾನು ಸೋಫಾದ ಮೇಲೆ ಕಂಬಳಿ ಹೊದ್ದು ಬೆವೆತೆ. ಗೋಡೆಯ ಮೇಲಿನ ಬಣ್ಣ ನಿಧಾನಕ್ಕೆ ಹರಿಯುತ್ತಿದೆಯೆನಿಸಿತು. ಅದನ್ನೂ ನೋಟುಬುಕ್ಕಿನಲ್ಲಿ ಬರೆದೆ, ಇವರಿಗೂ ಹೇಳಿದೆ. ಅವರು ಗಾಬರಿಯಾಗಿ ಡೆನೀಸ್‌ಗೆ ಫೋನ್ ಮಾಡಿದರು. ಆ ಮಧ್ಯಾಹ್ನವೇ ನರ್ಸ್ ಬಂದು ನೋಡಿ ಮಾತ್ರೆ ಹೆಚ್ಚಿಸಿದಳು.

ಮೂರನೆಯ ದಿನ ಮಧ್ಯಾಹ್ನ ಇವರು ಸ್ನಾನಕ್ಕೆ ಹೋಗಿದ್ದರು. ಶ್ರೇಯಾ ಕೆಳಗೆ ಬಂದು ಎದುರಿನ ಕುರ್ಚಿಯಲ್ಲಿ, ಕಾಲು ಮಡಚಿ ಕೂತಳು. ಆಮೇಲೆ ಇಂಗ್ಲಿಷಿನಲ್ಲಿ, ಜೀವಶಾಸ್ತ್ರದ ಪ್ರಶ್ನೆ ಕೇಳುವಂತೆ ಕೇಳಿದಳು. ಅದರ ರುಚಿ ಚೆನ್ನಾಗಿರುತ್ತದೆಯೆ?

"ಇಲ್ಲವ್ವಾ. ಮೊದಮೊದಲು ವೈನ್ ಚಲೋ ಅನಸ್ತಿತ್ತು. ವೋಡ್ಕಾಕ್ಕ ರುಚಿನ ಇಲ್ಲ."

ಮತ್ತೆ ಯಾಕೆ?

"ಅದನ್ನ ನಾನೂ ಹುಡುಕಾಕತ್ತೀನಿ. ಖರೇನ ಗೊತ್ತಿಲ್ಲ."

ಅವಳು ಉಗುರು ಕಡಿಯುತ್ತ ಕೂತಳು. ನಂತರ ಇನ್ನೊಂದು ಪ್ರಶ್ನೆ. ಶಾಲೆಯ ಸಂಗೀತ ಕಾರ್ಯಕ್ರಮದಲ್ಲಿ ನಾನು ಪಿಟೀಲು ಬಾರಿಸಿದ ದಿನ ನೀನು ಕುಡಿದಿದ್ದೆಯಾ? ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದೆಯಲ್ಲ, ಆವತ್ತು?

ಸುಳ್ಳು ಹೇಳಬಹುದಿತ್ತು. ಆ ಚಪ್ಪಾಳೆ ಅವಳಲ್ಲಿ ಎಷ್ಟು ವರ್ಷ ಬೆಚ್ಚಗೆ ಉಳಿದಿತ್ತೋ ಏನೋ. "ಹೌದು, ಕುಡದಿದ್ದೆ" ಎಂದೆ. "ಆದ್ರ ನೀ ಬಾರಿಸಿದ್ದು ಕೇಳಿಸಿತ್ತು."

ಅವಳ ಕಣ್ಣು ತುಂಬಿತು, ನನ್ನ ಹತ್ತಿರ ಬರಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ ಒಂದು ಗ್ಲಾಸ್ ನೀರು ತಂದು ಪಕ್ಕದ ಸ್ಟೂಲಿನ ಮೇಲಿಟ್ಟು, ತಂದೆ ಬರುವವರೆಗೆ ಅದೇ ಕುರ್ಚಿಯಲ್ಲಿ ಕೂತಿದ್ದಳು. ನನ್ನ ಜೊತೆ ಇರಬೇಕಾದ ದೊಡ್ಡವರಲ್ಲಿ ಅವಳೂ ಒಬ್ಬಳೆಂದು ತಾನೇ ತೀರ್ಮಾನ ಮಾಡಿಕೊಂಡಿದ್ದಳು.

ಏಳು ದಿನ ಮುಗಿದವು. ನಾಲಿಗೆಯ ರುಚಿ ಅಷ್ಟು ಬೇಗ ವಾಪಸ್ಸು ಬರಲಿಲ್ಲ. ಆರನೆಯ ವಾರದಲ್ಲಿ ಒಂದು ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ಪೇರಲೆ ಹಣ್ಣು ಕಚ್ಚಿದಾಗ ಅದರ ಒಗರು ಎಷ್ಟು ಥಟ್ಟನೆ ತಿಳಿಯಿತೆಂದರೆ, ಬಸ್ಸು ಬಂದು ನಿಂತು ಹೋದದ್ದೇ ಗೊತ್ತಾಗಲಿಲ್ಲ.

ಪ್ರತಿ ಮಂಗಳವಾರ ಸಂಜೆ ಗುಂಪಿನ ಸಭೆ. ಹತ್ತು ಹನ್ನೆರಡು ಜನ, ವೃತ್ತಾಕಾರದ ಕುರ್ಚಿಗಳು, ಬಿಸ್ಕತ್ತು. ಮೊದಮೊದಲು ನಾನು ಬಾಯಿ ಬಿಡಲಿಲ್ಲ, ಕೇಳುವುದೇ ಸಾಕಾಗಿತ್ತು. ಪರಿಚಯವೇ ಇಲ್ಲದ ಜನ ನನ್ನ ಮನೆಯ ಶೆಡ್ಡನ್ನು ವರ್ಣಿಸುತ್ತಿದ್ದಾರಲ್ಲ ಎಂದು ಅಚ್ಚರಿಯಾಗುತ್ತಿತ್ತು. ವಲೇರಿಯನ್ ಅಲ್ಲಿ ಎಲ್ಲರನ್ನೂ ನಗಿಸುವವರು. ಹಿಂತಿರುಗುವಾಗ ಬಸ್ ಸ್ಟಾಪಿನವರೆಗೆ ನಾವಿಬ್ಬರೂ ಕನ್ನಡದಲ್ಲಿ ಮಾತಾಡುತ್ತ ನಡೆಯುತ್ತಿದ್ದೆವು. ಅವರ ಹೆಂಡತಿ ಮಕ್ಕಳು ಊರಲ್ಲಿ. ಇಲ್ಲಿ ಬಾಡಿಗೆ ಕೋಣೆ. ಅವರು ಕುಡಿಯುವುದು ಗೋದಾಮಿನಲ್ಲಿ ಯಾರಿಗೂ ಗೊತ್ತಿಲ್ಲ, ಬಿಟ್ಟದ್ದೂ ಗೊತ್ತಿಲ್ಲ.

ನಾಲ್ಕನೆಯ ತಿಂಗಳಲ್ಲಿ ನಾನೇ ಒಮ್ಮೆ ಜಾರಿದೆ. ಕಾರ್ಖಾನೆಯಲ್ಲಿ ಯಾರೋ ನಿವೃತ್ತರಾದ ದಿನ, ಕೈಗೆ ಬಂದ ಗ್ಲಾಸು ಬಾಯಿಗೆ ಹೋಯಿತು. ಅದೊಂದೇ ಆಗಿ ನಿಲ್ಲಲಿಲ್ಲ, ಎರಡು ದಿನ ನಡೆಯಿತು. ಮೂರನೆಯ ದಿನ ಡೆನೀಸ್‌ಗೆ ಫೋನ್ ಮಾಡಿ, ಎಲ್ಲ ಹಾಳಾಯಿತು ಎಂದು ಅತ್ತೆ. "ನಾಲ್ಕು ತಿಂಗಳನ್ನು ಎರಡು ದಿನ ಅಳಿಸುವುದಿಲ್ಲ" ಎಂದರು. ಮೊದಲ ಗ್ಲಾಸಿಗಿಂತ ಅರ್ಧ ಗಂಟೆ ಮುಂಚೆ ನಡೆದದ್ದನ್ನೆಲ್ಲ ಬರೆದುಕೊಂಡು ಬರಲು ಹೇಳಿದರು. ಬರೆದುಕೊಂಡು ಹೋದೆ. ಆ ಅರ್ಧ ಗಂಟೆಯಲ್ಲಿ ನಾನು ಯಾರೊಂದಿಗೂ ಒಂದು ಮಾತೂ ಆಡಿರಲಿಲ್ಲ. ಅಷ್ಟೇ. ಮುಂಚಿನ ಐದು ವರ್ಷಗಳ ಸಂಜೆಗಳನ್ನೂ ಹಾಗೆಯೇ ನೆನೆದು ನೋಡಿದೆ. ಇವರು ಬರುವ ಮುಂಚಿನ, ಶ್ರೇಯಾ ಕೋಣೆಯಲ್ಲಿರುವ ಹೊತ್ತು. ಅದು ಕಾರಣವೋ ಅಲ್ಲವೋ ಈಗಲೂ ಹೇಳಲಾರೆ. ಆದರೆ ಅದನ್ನು ಕಂಡುಕೊಂಡದ್ದು ಉಪಯೋಗಕ್ಕೆ ಬಂತು. ಈಗ ಆ ಹೊತ್ತಿಗೆ ಯಾರಿಗಾದರೂ ಫೋನ್ ಮಾಡುತ್ತ ಒಗ್ಗರಣೆ ಹಾಕುತ್ತೇನೆ.

ನಾನು ಬಿಟ್ಟು ಒಂಬತ್ತು ತಿಂಗಳಾಗುವ ಹೊತ್ತಿಗೆ ವಲೇರಿಯನ್ ಕಾಣೆಯಾದರು. ಹ್ಯಾರೋದ ಕೋಣೆ ಬಿಟ್ಟು ಗೋದಾಮಿನ ಹತ್ತಿರ, ಗ್ರೀನ್‌ಫರ್ಡ್‌ಗೇ ಮನೆ ಬದಲಿಸಿದ್ದರು. ಒಳ್ಳೆಯದಾಯಿತು, ಬಸ್ಸಿನ ಓಡಾಟ ತಪ್ಪಿತು ಎಂದುಕೊಂಡಿದ್ದೆ. ಆದರೆ ಗ್ರೀನ್‌ಫರ್ಡ್ ಬೇರೆ ಕೌನ್ಸಿಲ್. ಪೋಸ್ಟ್‌ಕೋಡ್ ಬದಲಾದ ಮೇಲೆ ಅವರ ಕಡತ ಅಲ್ಲಿನ ಕೇಂದ್ರಕ್ಕೆ ಹೋಗಬೇಕು, ಹೊಸ ಕೀ ವರ್ಕರ್, ಹೊಸ ಗುಂಪು. ಡೆನೀಸ್ ಎಲ್ಲ ಬರೆದು ಕಳಿಸಿದ್ದರು. ವಲೇರಿಯನ್ ಹೋಗಲೇ ಇಲ್ಲ. ಮೂರು ಮಂಗಳವಾರ ಕಳೆದವು. ನನ್ನ ಫೋನ್ ಎತ್ತುತ್ತಿರಲಿಲ್ಲ.

ನಾಲ್ಕನೆಯ ವಾರ ಒಂದು ಸಂಜೆ ಅವರೇ ಫೋನ್ ಮಾಡಿದರು. ಮಾತು ತೊದಲುತ್ತಿತ್ತು. "ಅಕ್ಕ, ನನಗೆ ಪುನಃ ಮೊದಲಿನಿಂದ ಕಥೆ ಹೇಳ್ಲಿಕ್ಕೆ ಆಗುದಿಲ್ಲ. ಹೊಸ ಜನ, ಪುನಃ ಅದೇ ಪ್ರಶ್ನೆ. ಎಷ್ಟು ಸಲ ಅಂತ ಹೇಳುದು ಮಾರಾಯ್ರೆ?"

"ಕುಡಿಯೋದು ಒಮ್ಮೆಲೇ ಬಿಟ್ಟುಗಿಟ್ಟೀರಿ ಮತ್ತೆ" ಎಂದೆ ಮೊದಲು. ಆಮೇಲೆ ಹೇಳಿದೆ. "ನಾಳೆ ಬರ್ತೀನಿ. ನಿಮ್ಮ ಕಥೆ ನನಗೆ ಗೊತ್ತು. ನಿಮಗೆ ಸಾಕಾದ ಕಡೆ ನಾನು ಹೇಳ್ತೀನಿ."

ಮರುದಿನ ಶನಿವಾರ. ಶನಿವಾರ ಬೆಳಿಗ್ಗೆಯೂ ಆ ಕೇಂದ್ರ ತೆರೆದಿರುತ್ತದೆಂದು ಫೋನ್ ಮಾಡಿ ವಿಚಾರಿಸಿಕೊಂಡೆ. ಇವರು ಕಾರು ಓಡಿಸಿದರು. ಗ್ರೀನ್‌ಫರ್ಡ್‌ನ ಒಂದು ಸಾಲುಮನೆಯ ಮುಂದೆ ವಲೇರಿಯನ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತಿದ್ದರು. ಗಡ್ಡ ಹೆರೆದುಕೊಳ್ಳುವಾಗ ಎರಡು ಕಡೆ ಗಾಯವಾಗಿತ್ತು. ಹಿಂದಿನ ಸೀಟಿನಲ್ಲಿ ಮುದುಡಿ ಕೂತು ನಮ್ಮವರಿಗೆ, "ಸಾರ್, ನಿಮ್ಗೆ ತೊಂದ್ರೆ ಆಯ್ತು" ಎಂದರು.

ನಮ್ಮವರು ಕನ್ನಡಿಯಲ್ಲಿ ಅವರನ್ನು ನೋಡಿ, "ತೊಂದ್ರಿ ಏನ್ ಬಂತ್ರೀ. ಎರಡ್ ವರ್ಷ ನಾ ಸುಮ್ನ ಕುಂತಿದ್ನೆಲ್ಲ, ಅದು ತೊಂದ್ರಿ" ಎಂದರು.

ಆ ಕೇಂದ್ರ ಹೊಸ ಕಟ್ಟಡದಲ್ಲಿತ್ತು. ಕಿಟಕಿಯ ಹಿಂದಿದ್ದ ಹುಡುಗಿ ಅವರ ಹೆಸರು, ಹುಟ್ಟಿದ ತಾರೀಕು ಬರೆದುಕೊಂಡಳು. ನನ್ನನ್ನು ನೋಡಿ, "ಇವರು ನಿಮಗೇನಾಗಬೇಕು?" ಎಂದು ಕೇಳಿದಳು. ಗೆಳತಿ ಎನ್ನಬೇಕೋ, ಒಂದೇ ಸಂಘದವರು ಎನ್ನಬೇಕೋ ಎಂದು ನಾನು ತಡವರಿಸುವಷ್ಟರಲ್ಲಿ ವಲೇರಿಯನ್ ಹೇಳಿದರು. "ಇವರು ನನಗಿಂತ ಹತ್ತು ತಿಂಗಳು ದೊಡ್ಡವರು."

ಅದು ಕುಡಿತ ಬಿಟ್ಟ ದಿನಗಳ ಲೆಕ್ಕವೆಂದು ಹುಡುಗಿಗೆ ಅರ್ಥವಾಗಲಿಲ್ಲ. ಖಾನೆಯಲ್ಲಿ ಸಂಬಂಧಿ ಎಂದು ಬರೆದುಕೊಂಡಳು.

ಒಳಗೆ ಕರೆದಾಗ, ನಾನೂ ಬರಲೇ ಎಂದೆ. ವಲೇರಿಯನ್ ಬಾಗಿಲಲ್ಲೇ ತಿರುಗಿದರು. "ಬೇಡ, ನಾನೇ ಹೇಳ್ತೇನೆ. ನೀವು ಇಲ್ಲಿ ಇದ್ದೀರಿ ಅಲ್ವಾ?" ಎಂದರು. ಇದ್ದೇನೆ ಎಂದೆ. ನಲವತ್ತು ನಿಮಿಷದ ಮೇಲೆ ಹೊರಬಂದರು. ಕಣ್ಣು ಕೆಂಪಗಿದ್ದವು, ಕೈಯಲ್ಲಿ ಒಂದು ಚೀಟಿ ಇತ್ತು.

"ಏನಂದರು?"

"ಸೋಮವಾರ ಬರ್ಲಿಕ್ಕೆ ಹೇಳಿದ್ರು. ಅಲ್ಲಿಯವರೆಗೆ ಕುಡಿಯುದು ಎಷ್ಟು ಅಂತ ಬರ್ದು ಕೊಟ್ಟಿದ್ದಾರೆ."

"ಸೋಮವಾರ ಬರ್ತೀರಾ?"

ಅವರು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗಿಟ್ಟರು. "ಸೋಮವಾರದ್ದು ನನಗೆ ಗೊತ್ತಿಲ್ಲ ಅಕ್ಕ, ಸುಳ್ಳು ಹೇಳುದಿಲ್ಲ. ಈಗ ಹಸಿವಾಗ್ತಾ ಉಂಟು. ಮೂರು ದಿನ ಆಯ್ತು, ಹಸಿವು ಅಂತ ಆಗದೆ."

ನಾವು ಮೂವರೂ ಪಕ್ಕದ ಕೆಫೆಗೆ ಹೋದೆವು. ಅವರು ಎರಡು ಮೊಟ್ಟೆ, ಬೀನ್ಸು, ನಾಲ್ಕು ತುಂಡು ಟೋಸ್ಟು ತರಿಸಿಕೊಂಡರು. ಚಮಚ ಹಿಡಿದ ಕೈ ನಡುಗಿ ಬೀನ್ಸು ತಟ್ಟೆಯ ಹೊರಗೆ ಬೀಳುತ್ತಿತ್ತು. ನಮ್ಮವರು ತಟ್ಟೆಯ ಅಂಚನ್ನು ಒಂದು ಕೈಯಿಂದ ಒತ್ತಿ ಹಿಡಿದುಕೊಂಡರು. ವಲೇರಿಯನ್ ತಲೆ ಬಗ್ಗಿಸಿ, ಅವಸರವಿಲ್ಲದೆ, ತಟ್ಟೆ ಖಾಲಿಯಾಗುವವರೆಗೆ ತಿಂದರು.